ಅಲಿಫ್ ಬೇ ದಾಟಿದರೆ ಸೀಟು

ಜರ್ಮನಿಗೆ ಹೋಗೋರಿಗೆ ಜರ್ಮನ್ ಕ್ಲಾಸು, ಅಮೆರಿಕಕ್ಕೆ ಹೊರಟವರಿಗೆ ಟೋಫೆಲ್. ಭಾಷೆ ಪಾಸಾಗದಿದ್ದರೆ ಯೂನಿವರ್ಸಿಟಿ ಬಾಗಿಲು ತೆಗೆಯಲ್ಲ. ನಮ್ಮ ಕೊಪ್ಪಳದ ಕಡೆಯವರಿಗೆ ಇದು ನೂರು ವರ್ಷದ ಹಳೇ ಕಥೆ. ಅದಕ್ಕೆ ಅವರು ದೇಶ ಬಿಡಬೇಕಾಗಿರಲಿಲ್ಲ ಅಷ್ಟೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಗೆ ಸೇರಿದ್ದವು. (ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು. ಹೌದು, ಮ್ಯೂಸಿಯಂನ ಅದೇ ಸಾಲಾರ್ ಜಂಗ್.) 1918ರಲ್ಲಿ ನಿಜಾಮರು ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪಿಸಿದರು. ಬೋಧನೆಯೆಲ್ಲ ಉರ್ದುವಿನಲ್ಲಿ, ಜೊತೆಗೆ ಇಂಗ್ಲಿಷ್ ಕಡ್ಡಾಯ. ಇಂಡಿಯಾದ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಟ್ಟ ಮೊದಲ ಆಧುನಿಕ ವಿಶ್ವವಿದ್ಯಾಲಯ ಅದು. ಒಂದು ಅನುವಾದ ಸಂಸ್ಥೆಯನ್ನೇ ಕಟ್ಟಿ ಗಣಿತ, ವಿಜ್ಞಾನ, ಕಾನೂನಿನ ಪುಸ್ತಕಗಳನ್ನೆಲ್ಲ ಉರ್ದುವಿಗೆ ತಂದರು. ಸಾಮಾನ್ಯ ಕೆಲಸ ಅಲ್ಲ ಅದು. ಕನ್ನಡಕ್ಕೆ ಯಾರಾದರೂ ಅಷ್ಟು ಮಾಡಿದ್ದರೆ ಇವತ್ತು ಹೊತ್ತುಕೊಂಡು ಕುಣಿಯುತ್ತಿದ್ದೆವು.

ಆದರೆ ಯಾರ ಭಾಷೆ? ತೆಲುಗು, ಮರಾಠಿ, ಕನ್ನಡ ಆಡೋರೇ ತುಂಬಿದ್ದ ಸಂಸ್ಥಾನದಲ್ಲಿ ಉರ್ದು ಮನೆಮಾತಾಗಿದ್ದವರು ಹತ್ತರಲ್ಲಿ ಒಬ್ಬರಷ್ಟು. ಕನ್ನಡದವರೂ ಹೆಚ್ಚುಕಮ್ಮಿ ಅಷ್ಟೇ ಇದ್ದರು. ಕುಷ್ಟಗಿಯ ಹುಡುಗ ಮೊದಲು ಬಲದಿಂದ ಎಡಕ್ಕೆ ಬರೆಯೋದು ಕಲೀಬೇಕು, ಆಮೇಲೆ ತ್ರಿಕೋನಕ್ಕೆ ‘ಮುಸಲ್ಲಸ್’ ಅನ್ನಬೇಕು, ಅದರ ಮೇಲೆ ಇಂಗ್ಲಿಷ್. ಹುಡುಗಿಯರಂತೂ ಆ ಲೆಕ್ಕದಲ್ಲೇ ಬರುತ್ತಿರಲಿಲ್ಲ.

ಹಂಗಾದ್ರ ಪಕ್ಕದ ಗದಗ ದಾಟಿ ಧಾರವಾಡಕ್ಕೆ ಹೋಗಬಹುದಿತ್ತಲ್ಲ ಅಂತೀರಾ? ಯಲಬುರ್ಗಾದಿಂದ ಹೈದರಾಬಾದಿಗಿಂತ ಅದೇ ಹತ್ತಿರ. ಧಾರವಾಡದಲ್ಲಿ 1917ರಲ್ಲೇ ಕರ್ನಾಟಕ ಕಾಲೇಜು ಶುರುವಾಗಿತ್ತು. ಆದರೆ ಅದು ಬ್ರಿಟಿಷರ ಮುಂಬಯಿ ಪ್ರಾಂತ್ಯ, ಅಲ್ಲಿನ ಬಾಗಿಲು ಇಂಗ್ಲಿಷಿನದು. ಹೈದರಾಬಾದಿನ ನಿಜಾಮ್ ಕಾಲೇಜಿನಲ್ಲೂ ಇಂಗ್ಲಿಷೇ, ಅದು ಮದ್ರಾಸಿಗೆ ಸೇರಿದ್ದು. ಎತ್ತ ಹೋದರೂ ಕನ್ನಡದ ಬಾಗಿಲಿಲ್ಲ. ಊರಲ್ಲಿ ಸರ್ಕಾರಿ ಕೆಲಸ ಬೇಕಿದ್ದವನಿಗೆ ಕಚೇರಿಯ ಭಾಷೆ ಉರ್ದು ಬಿಟ್ಟು ಗತಿಯಿರಲಿಲ್ಲ. ನಮ್ಮ ಮನೆಯ ಹಳೇ ಹೊಲದ ಕಾಗದಗಳು ಇನ್ನೂ ಉರ್ದುವಿನಲ್ಲೇ ಇವೆ, ಮನೇಲಿ ಓದೋರು ಯಾರೂ ಉಳಿದಿಲ್ಲ.

ದಾಟಿದವರೂ ಇದ್ದರು. ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದಲ್ಲಿ 1918ರಲ್ಲೇ, ಅಂದರೆ ಉಸ್ಮಾನಿಯಾ ಹುಟ್ಟಿದ ವರ್ಷವೇ, ಹುಟ್ಟಿದ ಸಿದ್ಧಯ್ಯ ಪುರಾಣಿಕರು ಅಲ್ಲೇ ಓದಿ, ಆಡಳಿತ ಸೇವೆಗೆ ಸೇರಿ, ‘ಕಾವ್ಯಾನಂದ’ರಾಗಿ ಕನ್ನಡದಲ್ಲಿ ಬರೆದರು. ಅಂಥವರನ್ನು ತೋರಿಸಿ ‘ಪ್ರತಿಭೆ ಇದ್ದವರಿಗೆ ಭಾಷೆ ಅಡ್ಡಿಯಲ್ಲ’ ಅನ್ನೋರನ್ನ ಕಂಡರೆ ನನಗೆ ರೇಗುತ್ತೆ. ಅರ್ಧಕ್ಕೇ ಬಿಟ್ಟು ಹೊಲಕ್ಕೆ ಹೋದವರ ಹೆಸರು ಯಾವ ಪುಸ್ತಕದಲ್ಲಿದೆ?

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಆಯಿತು, ನಿಜಾಮರ ಆಳ್ವಿಕೆ ಮುಗಿಯಿತು. ಸ್ವಲ್ಪ ಕಾಲದಲ್ಲೇ ಉಸ್ಮಾನಿಯಾದ ಬೋಧನೆಯೂ ಬದಲಾಯಿತು. ತೆಲುಗಿಗಲ್ಲ, ಕನ್ನಡಕ್ಕಲ್ಲ, ಇಂಗ್ಲಿಷಿಗೆ. ಕಷ್ಟಪಟ್ಟು ಉರ್ದುವಿನಲ್ಲಿ ಮೇಲೆ ಬಂದಿದ್ದ ಹುಡುಗರು ಮತ್ತೆ ಮೊದಲಿಂದ ಶುರುಮಾಡಬೇಕಾಯಿತು. 1956ರಲ್ಲಿ ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು, 1997ರಲ್ಲಿ ಕೊಪ್ಪಳ ಜಿಲ್ಲೆಯಾಯಿತು.

2023ರಲ್ಲಿ ಹಳೇ ಯಲಬುರ್ಗಾ ತಾಲ್ಲೂಕಿನ ತಳಕಲ್ಲಿನಲ್ಲೇ ಕೊಪ್ಪಳ ವಿಶ್ವವಿದ್ಯಾಲಯ ಶುರುವಾಗಿದೆ. ಬಿ.ಎ. ಕನ್ನಡದಲ್ಲಿ ಬರೆಯಬಹುದು. ಎಂ.ಎಸ್‌ಸಿ. ಮಾತ್ರ ಇಂಗ್ಲಿಷಿನಲ್ಲಿ.