ಜೀವಂತ ಬೇರುಸೇತುವೆ

ಮೇಘಾಲಯದ ಖಾಸಿ ಮತ್ತು ಜೈಂತಿಯಾ ಬೆಟ್ಟಗಳ ದಕ್ಷಿಣದ ಇಳಿಜಾರಿನಲ್ಲಿ, ಆಲದ ಕುಲಕ್ಕೆ ಸೇರಿದ ಫೈಕಸ್ ಇಲಾಸ್ಟಿಕಾ ಮರದ ಬಿಳಲುಗಳನ್ನು ಹೊಳೆಯ ಆಚೆ ದಡಕ್ಕೆ ಹಾಯಿಸಿ, ಹೆಣೆದು ಬೆಳೆಸುವ ಕಾಲುಸೇತುವೆ. ಖಾಸಿ ಹೆಸರು ಜಿಂಗ್‌ಕಿಯೆಂಗ್ ಜ್ರಿ. ಈ ಪದ್ಧತಿ ಯಾವಾಗ ಶುರುವಾಯಿತೆಂದು ಹೇಳುವ ಶಾಸನವಿಲ್ಲ. ಪ್ರವಾಸಿ ಬರಹಗಳಲ್ಲಿ ಓಡಾಡುವ ‘500 ವರ್ಷ’ಕ್ಕೆ ದಾಖಲೆಯ ಬೆಂಬಲವೂ ಇಲ್ಲ. ನೆಚ್ಚಬಹುದಾದ ಹಳೆಯ ಬರಹವೆಂದರೆ 1844ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಹೆನ್ರಿ ಯೂಲ್ ಕೊಟ್ಟ ವಿವರಣೆ. ಯೂಲ್ ಸೇನೆಯ ಎಂಜಿನಿಯರ್. ಈ ಸೇತುವೆಗಳನ್ನು ಎಂಜಿನಿಯರೊಬ್ಬ ದಾಖಲಿಸಿದ್ದು ಉಚಿತವೇ. ‘ಪ್ರಕೃತಿಯ ಪವಾಡ’ ಎಂದು ಹೊಗಳಿದಾಗ ಇವನ್ನು ಬೆಳೆಸಿದ ಜನರ ಲೆಕ್ಕಾಚಾರ, ಕೈಕೆಲಸ ಎರಡೂ ಮರೆಯಾಗುತ್ತವೆ.

ಲೆಕ್ಕಾಚಾರ ಹುಟ್ಟಿದ್ದು ಮಳೆಯಿಂದ. ಚಿರಾಪುಂಜಿ, ಮೌಸಿನ್‌ರಾಮ್ ಸುತ್ತ ವರ್ಷಕ್ಕೆ ಸರಾಸರಿ 11,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅಡಿಕೆ, ವೀಳ್ಯದೆಲೆ ತೋಟಗಳಿರುವುದು ಕಡಿದಾದ ಕಣಿವೆಗಳಲ್ಲಿ. ಫಸಲು ಸಂತೆ ಸೇರಬೇಕಾದರೆ ಹೊಳೆ ದಾಟಲೇಬೇಕು. ಆ ತೇವದಲ್ಲಿ ಬಿದಿರಿನ ಸೇತುವೆ ಬೇಗ ಕೊಳೆಯುತ್ತದೆ, ಅದೇ ತೇವದಲ್ಲಿ ಬಿಳಲು ಕೊಬ್ಬುತ್ತದೆ. ಹಾಗಾಗಿ ದಡದಲ್ಲಿ ಮರ ನೆಟ್ಟು, ಎಳೆ ಬಿಳಲುಗಳನ್ನು ಬಿದಿರಿನ ಅಟ್ಟಣೆಯ ಮೇಲೆ, ಇಲ್ಲವೇ ತಿರುಳು ತೆಗೆದ ಅಡಿಕೆ ದಬ್ಬೆಯೊಳಗೆ ಹಾಯಿಸುತ್ತಾರೆ. ಮಲೆನಾಡಿನಲ್ಲಿ ತಾನೇ ಕಾಲುಸಂಕವಾಗುವ ಅಡಿಕೆ ಮರ ಇಲ್ಲಿ ಸೇತುವೆಗೆ ದಾರಿ ತೋರಿಸಿ ಕೊಳೆತುಹೋಗುತ್ತದೆ. ಬಿಳಲು ಆಚೆ ದಡದ ಮಣ್ಣು ಹಿಡಿದ ಮೇಲೆ ದಪ್ಪವಾಗುತ್ತದೆ. ಒಂದಕ್ಕೊಂದು ಬಿಗಿದು ಕಟ್ಟಿದ ಬೇರುಗಳು ತೊಗಟೆ ಒತ್ತಿಕೊಂಡು ಕ್ರಮೇಣ ಒಂದೇ ಅಂಗಾಂಶವಾಗಿ ಬೆಸೆಯುತ್ತವೆ. ಸಂದುಗಳಿಗೆ ಕಲ್ಲು, ಮಣ್ಣು ತುಂಬಿ ನಡೆಯುವ ಹಾಸು ಮಾಡುತ್ತಾರೆ. ಹೊಸ ಬಿಳಲು ತಿರುಗಿಸುವುದು, ಸಡಿಲವಾದದ್ದನ್ನು ಕಟ್ಟುವುದು ಊರಿನವರ ನಿರಂತರ ಕೆಲಸ. ಇಲ್ಲಿ ನಿರ್ಮಾಣ ಬೇರೆ, ದುರಸ್ತಿ ಬೇರೆ ಅಲ್ಲ. ಕಾಂಕ್ರೀಟು ಮುಗಿದ ದಿನದಿಂದ ಸವೆಯತೊಡಗಿದರೆ ಇದು, ಆರೈಕೆ ಇರುವಷ್ಟು ಕಾಲ, ಗಟ್ಟಿಯಾಗುತ್ತಲೇ ಹೋಗುತ್ತದೆ. ನೊಂಗ್ರಿಯಾತ್‌ನ ಎರಡಂತಸ್ತಿನ ಸೇತುವೆ ಪ್ರಸಿದ್ಧ; ಕೆಲವು ಸೇತುವೆಗಳ ಉದ್ದ 50 ಮೀಟರ್ ಮುಟ್ಟುತ್ತದೆ.

ಒಂದು ಸೇತುವೆ ಭಾರ ಹೊರಲು ದಶಕಗಳೇ ಬೇಕು, ಅಷ್ಟು ಕಾಯುವವರು ಯಾರು ಎಂಬ ಆಕ್ಷೇಪ ನ್ಯಾಯವಾದದ್ದೇ. ರೋಗಿಯನ್ನು ನಾಳೆಯೇ ಆಸ್ಪತ್ರೆಗೆ ಹೊತ್ತೊಯ್ಯಬೇಕಾದ ಹಳ್ಳಿಗೆ ತಂತಿಸೇತುವೆ ಬೇಡ ಎನ್ನುವುದು ಕ್ರೌರ್ಯ. ಆದರೆ ಕಾಯುವ ಕಾಲದಲ್ಲಿ ಜನ ದಾಟದೆ ಕೂರುವುದಿಲ್ಲ; ಬಿದಿರಿನ ತಾತ್ಕಾಲಿಕ ಸಂಕ ಅದಕ್ಕೇ ಇರುತ್ತದೆ. ಬೆಳೆಯುವ ಮರಕ್ಕೆ ತಾತ್ಕಾಲಿಕ ಆಸರೆ ಜೋಡಿಸುವ ಈ ತತ್ವ ಬೇರೆಡೆಯೂ ನಿಲ್ಲುತ್ತದೆ. ಜರ್ಮನಿಯ ನಾಗೋಲ್ಡ್ ಪಟ್ಟಣದಲ್ಲಿ 2012ರಲ್ಲಿ ವಾಸ್ತುಶಿಲ್ಪಿ ಫರ್ಡಿನಾಂಡ್ ಲುಡ್ವಿಗ್ ಮತ್ತು ಸಂಗಡಿಗರು ಕಟ್ಟಿದ ‘ಪ್ಲೇನ್ ಮರದ ಘನ’ ಎಂಬ ರಚನೆಯಲ್ಲಿ ಎಳೆ ಮರಗಳನ್ನು ಹಂತಹಂತವಾಗಿ ಜೋಡಿಸಿ ಬೆಸೆಯಲು ಬಿಟ್ಟು, ಅಲ್ಲಿಯವರೆಗೆ ಭಾರ ಹೊರಲು ಉಕ್ಕಿನ ಚೌಕಟ್ಟು ಕೊಟ್ಟರು. ಮೇಘಾಲಯದ ಬಿದಿರು ಮಾಡುವ ಕೆಲಸವನ್ನೇ ಅಲ್ಲಿ ಉಕ್ಕು ಮಾಡಿತು. ಇದೇ ಲುಡ್ವಿಗ್ ತಂಡ 2019ರಲ್ಲಿ ಖಾಸಿ ಸೇತುವೆಗಳ ವಿಸ್ತೃತ ಅಧ್ಯಯನ ಪ್ರಕಟಿಸಿತು. ಹೆದ್ದಾರಿಗೆ ಈ ವಿದ್ಯೆ ಒದಗದು, ಒಣನಾಡಿಗೂ ಅಲ್ಲ. ಮಳೆ, ಮರ, ಊರಿನ ಒಗ್ಗಟ್ಟು ಮೂರೂ ಕೂಡಿದ ಕಡೆ ಮಾತ್ರ ಒದಗುತ್ತದೆ.

2022ರಲ್ಲಿ ಈ ಸೇತುವೆಗಳ ಭೂದೃಶ್ಯ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿತು. ರಕ್ಷಣೆ ಬೇಕಿರುವುದು ಬೇರಿಗಷ್ಟೇ ಅಲ್ಲ, ಅದನ್ನು ತಿರುಗಿಸಿ ಕಟ್ಟುವವರ ತೋಟ ಮತ್ತು ಬದುಕಿಗೂ ಹೌದು. ಕೆಲವೆಡೆ ಊರಿನವರು ಉಕ್ಕಿನ ತಂತಿಯ ಮೇಲೆಯೇ ಎಳೆ ಬಿಳಲು ಹಬ್ಬಿಸತೊಡಗಿದ್ದಾರೆ.