ತವರಿನ ಹೆರಿಗೆ ಮತ್ತು ಶಿಶುವಿನ ಮೂತ್ರಪಿಂಡದ ಊತ: ಭದ್ರಾವತಿ–ಶಿವಮೊಗ್ಗ ಹಿನ್ನೆಲೆಯಲ್ಲಿ ಒಂದು ಪರಿಶೀಲನೆ

ಮೂತ್ರ ಸರಾಗವಾಗಿ ಕೆಳಗಿಳಿಯದೆ ಮೂತ್ರಪಿಂಡದ ಪೆಲ್ವಿಸ್ ಭಾಗ ಹಿಗ್ಗುವುದೇ ಹೈಡ್ರೋನೆಫ್ರೋಸಿಸ್. ನೂರು ಬಸುರಿಯರಲ್ಲಿ 1ರಿಂದ 5 ಮಂದಿಯ ಗರ್ಭಸ್ಥ ಶಿಶುವಿನಲ್ಲಿ ಇದು ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ. ಗರ್ಭದಲ್ಲೇ ಪತ್ತೆಯಾದ ಊತ ಹೆರಿಗೆಯ ನಂತರದ ತಪಾಸಣೆಗೆ ಒಳಪಡದೆ ಹೋಗುವ ಅಪಾಯ ಎಲ್ಲಿದೆ ಎಂಬುದು ಈ ಲೇಖನದ ಪ್ರಶ್ನೆ. ಉತ್ತರಕ್ಕೆ ರೋಗಲಕ್ಷಣಗಳಿಗಿಂತ ನಮ್ಮ ಬಾಣಂತನದ ಪದ್ಧತಿಯನ್ನು ನೋಡಬೇಕೆಂಬುದು ನನ್ನ ವಾದ.

ಪೆಲ್ವಿಸ್‌ನ ಮುಂದು–ಹಿಂದಿನ ಅಗಲ ಎರಡನೇ ತ್ರೈಮಾಸಿಕದಲ್ಲಿ 4 ಮಿ.ಮೀ., ಮೂರನೆಯದರಲ್ಲಿ 7 ಮಿ.ಮೀ. ತಲುಪಿದರೆ ಊತವೆಂದು ಪರಿಗಣಿಸುತ್ತಾರೆ. 17 ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಲೀ ಮತ್ತು ಸಂಗಡಿಗರು ಪ್ರಕಟಿಸಿದ ವಿಶ್ಲೇಷಣೆಯಂತೆ, ಅಲ್ಪ ಊತವಿದ್ದ ಶಿಶುಗಳಲ್ಲಿ ಜನನಾನಂತರ ದೋಷ ಕಂಡದ್ದು ಶೇ. 11.9ರಲ್ಲಿ ಮಾತ್ರ, ತೀವ್ರ ಊತವಿದ್ದವರಲ್ಲಿ ಅದು ಶೇ. 88.3. ಹಾಗಾಗಿ ವರದಿಯಲ್ಲಿ ‘ಊತವಿದೆ’ ಎಂದಷ್ಟೇ ಬರೆದರೆ ಸಾಲದು. ಅಂಕಿ ಇಲ್ಲದ ವರದಿ ಒಂದು ಮನೆಯಲ್ಲಿ ವಿನಾಕಾರಣ ಭಯ ಹುಟ್ಟಿಸಿದರೆ, ಇನ್ನೊಂದು ಮನೆಯಲ್ಲಿ ಉದಾಸೀನಕ್ಕೆ ಎಡೆ ಮಾಡುತ್ತದೆ.

ಜನನಾನಂತರದ ಮೊದಲ ಸ್ಕ್ಯಾನಿಂಗ್ ಯಾವಾಗ ಎಂಬುದು ಮುಖ್ಯ. ಮೊದಲ ಎರಡು ದಿನ ಶಿಶುವಿನ ಮೂತ್ರದ ಪ್ರಮಾಣ ಕಡಿಮೆ. ಆಗ ನೋಡಿದರೆ ಇರುವ ಊತವೂ ಮರೆಯಾಗಬಹುದು. ಆದ್ದರಿಂದ ಭಾರತೀಯ ಮಕ್ಕಳ ಮೂತ್ರಪಿಂಡ ತಜ್ಞರ 2013ರ ಪರಿಷ್ಕೃತ ಮಾರ್ಗಸೂಚಿ 3ರಿಂದ 7ನೇ ದಿನದೊಳಗೆ ಒಂದು, ಮೊದಲನೆಯದು ಸಹಜವಾಗಿದ್ದರೂ 4ರಿಂದ 6 ವಾರಕ್ಕೆ ಮತ್ತೊಂದು ಸ್ಕ್ಯಾನಿಂಗ್ ಹೇಳುತ್ತದೆ. ಆದರೆ ಸಹಜ ಹೆರಿಗೆಯಾದ ತಾಯಿಯನ್ನು 48 ಗಂಟೆಗೆ ಮನೆಗೆ ಕಳಿಸುವುದು ವಾಡಿಕೆ. ತಪಾಸಣೆಗೆ ಸರಿಯಾದ ಹೊತ್ತು ಆರಂಭವಾಗುವಾಗ ಮಗು ಆಸ್ಪತ್ರೆ ಬಿಟ್ಟಿರುತ್ತದೆ.

ಇಲ್ಲಿಂದ ಮುಂದಿನದು ನಮ್ಮ ಸೀಮೆಯ ಸಂಗತಿ. ತರೀಕೆರೆಗೋ ಚನ್ನಗಿರಿಗೋ ಕೊಟ್ಟ ಮಗಳು ಸೀಮಂತ ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆ ಭದ್ರಾವತಿಯ ತವರಿಗೆ ಬರುತ್ತಾಳೆ. ಐದನೇ ತಿಂಗಳ ಸ್ಕ್ಯಾನಿಂಗ್ ಆದದ್ದು ಗಂಡನ ಊರಲ್ಲಿ, ಇನ್ನೊಂದು ಜಿಲ್ಲೆಯಲ್ಲಿ. ಹೆರಿಗೆ ಇಲ್ಲಿನ ತಾಲ್ಲೂಕು ಆಸ್ಪತ್ರೆಯಲ್ಲೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೋ. ಆಮೇಲೆ ಬಾಣಂತಿಕೋಣೆ, ಹಸುಗೂಸನ್ನು ತಿಂಗಳೊಳಗೆ ಹೊರಗೆ ಒಯ್ಯಲು ಹಿರಿಯರು ಒಪ್ಪುವುದಿಲ್ಲ. ಮಗು ಹಾಲು ಕುಡಿದು, ಮೂತ್ರ ಮಾಡಿ, ತೂಕ ಹೆಚ್ಚಿಸಿಕೊಳ್ಳುತ್ತಿದ್ದರೆ ಅಜ್ಜಿಗೆ ಸಂಶಯ ಬರುವುದಾದರೂ ಹೇಗೆ? ಒಂದು ಬದಿಯ ಅಡಚಣೆ ಹೊರಗೆ ಯಾವ ಸುಳಿವನ್ನೂ ಕೊಡದೆ ಇರಬಲ್ಲದು. ಹಿರಿಯರ ಎಚ್ಚರಿಕೆಯನ್ನು ನಾನು ಅಜ್ಞಾನವೆನ್ನಲಾರೆ. ಸೋಂಕಿನಿಂದ ಕೂಸನ್ನು ಕಾಯುವ ವಿವೇಕ ಅದರಲ್ಲಿದೆ. ಅವರಿಗೆ ದಿನಾಂಕ ಹೇಳಿ ಕಾರಣ ತಿಳಿಸದಿರುವುದು ನಮ್ಮ ವ್ಯವಸ್ಥೆಯ ಲೋಪ.

ಗಂಡುಶಿಶುಗಳಲ್ಲಿ ಮೂತ್ರಮಾರ್ಗದ ಹಿಂಭಾಗದಲ್ಲಿ ಬೆಳೆಯುವ ಪೊರೆಯ ಅಡಚಣೆಯದು ಬೇರೆಯೇ ಮಾತು. ಎರಡೂ ಮೂತ್ರಪಿಂಡಗಳು ಊದಿ, ಮೂತ್ರಕೋಶ ದಪ್ಪಗಾಗಿ, ಗರ್ಭದ ನೀರು ಕಡಿಮೆಯಾಗಿದ್ದರೆ ಮೂರನೇ ದಿನಕ್ಕೆ ಕಾಯುವಂತಿಲ್ಲ. 24ರಿಂದ 48 ಗಂಟೆಯೊಳಗೆ ನೋಡಬೇಕು. 1994ರ ಕಾಯ್ದೆಯಂತೆ ಭ್ರೂಣದ ಲಿಂಗ ತಿಳಿಸುವಂತಿಲ್ಲ, ಅದು ಸರಿಯೇ. ಮೂತ್ರಕೋಶದ ಸ್ಥಿತಿ, ನೀರಿನ ಪ್ರಮಾಣ, ಎರಡೂ ಬದಿಯ ಅಳತೆಗಳನ್ನು ಬರೆಯಲು ಅದು ಅಡ್ಡಿಯಲ್ಲ; ಅಷ್ಟಿದ್ದರೆ ಹೆರಿಗೆ ಮಾಡಿಸುವ ವೈದ್ಯರು ಎಚ್ಚೆತ್ತುಕೊಳ್ಳುತ್ತಾರೆ.

ದಾರಿ ಹುಡುಕಲು ಹೊಸ ಯೋಜನೆ ಬೇಕಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಭೇಟಿ ಕೊಡಬೇಕೆಂದು ನಿಯಮವೇ ಇದೆ; ಮೊದಲ ಸ್ಕ್ಯಾನಿಂಗ್ ಅನ್ನು ಮೂರನೇ ದಿನದ ಭೇಟಿಯಲ್ಲೇ ನೆನಪಿಸಬಹುದು. ಪೆಂಟಾವೇಲೆಂಟ್ ಲಸಿಕೆಯ ಮೊದಲ ಡೋಸ್ ಆರನೇ ವಾರಕ್ಕೆ. ಲಸಿಕೆಗೆಂದು ಮಗು ಹೇಗೂ ಹೊಸ್ತಿಲು ದಾಟುವ ಆ ದಿನವೇ ಎರಡನೇ ಸ್ಕ್ಯಾನಿಂಗ್ ಗೊತ್ತುಮಾಡಿದರೆ ಹಿರಿಯರ ಮಾತನ್ನೂ ಮೀರಿದಂತಾಗದು.

ಆದ್ದರಿಂದ ಸ್ಕ್ಯಾನಿಂಗ್ ವೈದ್ಯರಲ್ಲಿ ಒಂದು ಬಿನ್ನಹ: ತಾಯಿ ಕಾರ್ಡಿನಲ್ಲಿ ಎರಡೂ ಬದಿಯ ಅಳತೆಯನ್ನು ಮಿಲಿಮೀಟರಿನಲ್ಲಿ ಬರೆಯಿರಿ, ಅದರ ಕೆಳಗೆ ಹೆರಿಗೆಯ ನಂತರದ ಎರಡು ತಪಾಸಣೆಗಳ ಗಡುವನ್ನು ಕನ್ನಡದಲ್ಲಿ ಬರೆಯಿರಿ. ಗಂಡನ ಮನೆಯಿಂದ ತವರಿಗೆ ಹೊರಡುವ ಹೆಣ್ಣುಮಗಳು ಆ ಕಾರ್ಡನ್ನು ಮರೆಯದೆ ಜೊತೆಗೆ ಒಯ್ಯಲಿ.