ಬಡಿತದ ಲೆಕ್ಕ, ಜೊತೆಗಾರರ ಬಲ: ಡೌನ್ ಸಿಂಡ್ರೋಮ್ ಇರುವ ವಯಸ್ಕರ ವ್ಯಾಯಾಮ

ಅಮೆರಿಕದಲ್ಲಿ 1983ರ ಸುಮಾರಿಗೆ ಡೌನ್ ಸಿಂಡ್ರೋಮ್ ಇರುವವರು ಸರಾಸರಿ 25 ವರ್ಷ ಬದುಕುತ್ತಿದ್ದರು. ಇಂದು ಅಲ್ಲಿ ಆ ಆಯುಸ್ಸು 60ರ ಆಸುಪಾಸಿಗೆ ಬಂದಿದೆ. 21ನೇ ವರ್ಣತಂತು ಎರಡರ ಬದಲು ಮೂರಾಗಿ ಹುಟ್ಟುವ ಈ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೃದಯದ ದೋಷವೂ ಇರುತ್ತದೆ. ಅದನ್ನು ಎಳವೆಯಲ್ಲೇ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಲು ಸಾಧ್ಯವಾದದ್ದು ಆಯುಸ್ಸು ಹೆಚ್ಚಲು ಒಂದು ಮುಖ್ಯ ಕಾರಣ. ಹೀಗೆ ನಡುವಯಸ್ಸು ಮುಟ್ಟಿದವರನ್ನು ಬೊಜ್ಜು, ಥೈರಾಯ್ಡ್ ಕೊರತೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಮೂಳೆಸವೆತಗಳು ಕಾಡುತ್ತವೆ. ವ್ಯಾಯಾಮದ ಪ್ರಶ್ನೆ ಮುನ್ನೆಲೆಗೆ ಬಂದಿರುವುದು ಈ ಕಾರಣಕ್ಕೆ.

ಇವರು ಬೇಗ ದಣಿಯುತ್ತಾರೆ. ನೋಡುವವರು ಅದನ್ನು ಸೋಮಾರಿತನ, ಹಟ ಎಂದುಕೊಳ್ಳುವುದೇ ಹೆಚ್ಚು. ಆದರೆ ಕಾರಣ ಬಹುಪಾಲು ಹೃದಯದ ಬಡಿತದಲ್ಲಿದೆ. ದೇಹ ದುಡಿಯತೊಡಗಿದಾಗ ಅಡ್ರಿನಲಿನ್‌ನಂಥ ಸ್ರಾವಗಳು ಏರಿ ಬಡಿತವನ್ನು ಮೇಲಕ್ಕೊಯ್ಯಬೇಕು. ಡೌನ್ ಸಿಂಡ್ರೋಮ್‌ನಲ್ಲಿ ಆ ಏರಿಕೆ ಮಂದ. ಸಂಶೋಧಕ ಬೋ ಫರ್ನ್‌ಹಾಲ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಸೂತ್ರದಂತೆ, 179ರಿಂದ ವಯಸ್ಸಿನ 0.56ರಷ್ಟನ್ನು ಕಳೆದರೆ ಇವರ ಗರಿಷ್ಠ ಬಡಿತ ಸಿಗುತ್ತದೆ. ಮೂವತ್ತರ ವ್ಯಕ್ತಿಗೆ ಅದು ನಿಮಿಷಕ್ಕೆ ಸುಮಾರು 162. ಜಿಮ್‌ಗಳಲ್ಲಿ ರೂಢಿಯಲ್ಲಿರುವ ‘220ರಿಂದ ವಯಸ್ಸು ಕಳೆ’ ಎಂಬ ಲೆಕ್ಕ 190 ಎನ್ನುತ್ತದೆ.

ಈ 28 ಬಡಿತಗಳ ಅಂತರ ಸಣ್ಣದಲ್ಲ. 190ರ ಶೇ. 70 ಎಂದು ತರಬೇತುದಾರರು 133ರ ಗುರಿ ಕೊಟ್ಟರೆಂದುಕೊಳ್ಳೋಣ. ಡೌನ್ ಸಿಂಡ್ರೋಮ್ ಇರುವವರಿಗೆ ಅದು ಗರಿಷ್ಠ ಬಡಿತದ ಶೇ. 82. ಹದವಾದ ನಡಿಗೆ ಎಂದು ಬರೆದುಕೊಟ್ಟದ್ದು ಅವರ ಪಾಲಿಗೆ ಕಠಿಣ ಓಟವಾಗುತ್ತದೆ. ಅವರು ನಿಂತುಬಿಟ್ಟರೆ ತಪ್ಪು ಅವರದಲ್ಲ, ಕೊಟ್ಟ ಗುರಿಯದು.

ಬಡಿತವಷ್ಟೇ ಅಲ್ಲ, ಇವರ ಸ್ನಾಯುಗಳ ಬಿಗಿಯೂ ಕಡಿಮೆ, ಕೀಲುಗಳ ಕಟ್ಟು ಸಡಿಲ. ಕೆಲವರಲ್ಲಿ ಕತ್ತಿನ ಮೊದಲ ಎರಡು ಕಶೇರುಗಳ ನಡುವಿನ ಹಿಡಿತವೂ ಸಡಿಲವಾಗಿರುವುದರಿಂದ ಲಾಗ ಹಾಕುವ, ತಲೆ ಮುಂದಾಗಿ ನೀರಿಗೆ ಧುಮುಕುವ ಆಟಗಳಿಗೆ ಮುಂಚೆ ವೈದ್ಯರ ತಪಾಸಣೆ ಅಗತ್ಯ. ಕತ್ತುನೋವು, ನಡಿಗೆಯಲ್ಲಿ ಬದಲಾವಣೆ, ಮೂತ್ರದ ಮೇಲಿನ ಹಿಡಿತ ತಪ್ಪುವುದು ಕಂಡರೆ ವ್ಯಾಯಾಮವನ್ನು ಕೂಡಲೇ ನಿಲ್ಲಿಸಬೇಕು.

ಸ್ನಾಯುಬಲವನ್ನು ಮಾತ್ರ ಧೈರ್ಯವಾಗಿ ಬೆಳೆಸಬಹುದು. ಮೆಲ್ಬರ್ನ್‌ನ ಲಾ ಟ್ರೋಬ್ ವಿಶ್ವವಿದ್ಯಾಲಯದ ನೋರಾ ಶೀಲ್ಡ್ಸ್ ಮತ್ತು ಸಹೋದ್ಯೋಗಿಗಳು 2008ರಲ್ಲಿ 20 ವಯಸ್ಕರ ಅಧ್ಯಯನ ಪ್ರಕಟಿಸಿದರು. ವಾರಕ್ಕೆ ಎರಡು ಸಲದಂತೆ 10 ವಾರ ಭಾರ ಎತ್ತಿದವರ ತೋಳುಗಳ ತಾಳಿಕೆ ಹೆಚ್ಚಿತ್ತು. 2013ರಲ್ಲಿ ಅದೇ ತಂಡ ಹದಿಹರೆಯದವರೂ ತರುಣರೂ ಸೇರಿ 68 ಮಂದಿಯೊಡನೆ ಪ್ರಯೋಗವನ್ನು ವಿಸ್ತರಿಸಿತು. ಈ ಸಲ ಕೈಕಾಲುಗಳೆರಡರ ಬಲವೂ ಏರಿತು. ಆದರೆ ಪೆಟ್ಟಿಗೆ ಎತ್ತಿ ಜೋಡಿಸುವಂಥ ಕೆಲಸದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಬಲ ಬಂದಷ್ಟಕ್ಕೇ ದುಡಿಮೆ ಸಲೀಸಾಗುವುದಿಲ್ಲ ಎಂಬುದನ್ನು ಆ ಫಲಿತಾಂಶ ನೆನಪಿಸುತ್ತದೆ. ಈ ಪ್ರಯೋಗದ ಜೀವಾಳ ಮಾತ್ರ ಬೇರೆಡೆ ಇತ್ತು. ಭಾರ ಎತ್ತಿದ ಪ್ರತಿಯೊಬ್ಬರ ಜೊತೆಗೂ ಒಬ್ಬ ಫಿಸಿಯೋಥೆರಪಿ ವಿದ್ಯಾರ್ಥಿ ಜಿಮ್‌ಗೆ ಹೋಗುತ್ತಿದ್ದರು.

ಜೊತೆಗಾರರಿದ್ದರೆ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಫ್ಲಾರಿಡಾದ ಕ್ರಿಸ್ ನಿಕಿಕ್ ಉದಾಹರಣೆ. ಶಿಶುವಾಗಿದ್ದಾಗಲೇ ಹೃದಯ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ ಅವರು 2020ರ ನವೆಂಬರ್ 7ರಂದು, 21ನೇ ವಯಸ್ಸಿನಲ್ಲಿ, ಐರನ್‌ಮ್ಯಾನ್ ಸ್ಪರ್ಧೆ ಮುಗಿಸಿದರು. ಡೌನ್ ಸಿಂಡ್ರೋಮ್ ಇದ್ದು ಅದನ್ನು ಪೂರ್ಣಗೊಳಿಸಿದವರಲ್ಲಿ ಅವರೇ ಮೊದಲಿಗರು. 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟಕ್ಕೆ 17 ಗಂಟೆಗಳ ಗಡುವು. ಅವರಿಗೆ ಹಿಡಿದದ್ದು 16 ಗಂಟೆ 46 ನಿಮಿಷ. ಉದ್ದಕ್ಕೂ ಪಕ್ಕದಲ್ಲಿ ಮಾರ್ಗದರ್ಶಕರೊಬ್ಬರು ಇದ್ದರು. ಎಲ್ಲರೂ ನಿಕಿಕ್ ಆಗಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಅಂಗವೈಕಲ್ಯ ಇರುವ ವಯಸ್ಕರಿಗೂ ಹೇಳಿರುವುದು ವಾರಕ್ಕೆ 150ರಿಂದ 300 ನಿಮಿಷಗಳ ಹದವಾದ ಚಟುವಟಿಕೆ, ಎರಡು ದಿನ ಸ್ನಾಯುಬಲದ ಅಭ್ಯಾಸ.

ಮೆಲ್ಬರ್ನ್‌ನ ಮಾದರಿಯನ್ನು ಕರ್ನಾಟಕದಲ್ಲಿ ಪರೀಕ್ಷಿಸುವುದು ಕಷ್ಟವಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಫಿಸಿಯೋಥೆರಪಿ ಕಾಲೇಜುಗಳಿವೆ. ಬೆಂಗಳೂರಿನ ಹಲವು ಪಾರ್ಕುಗಳಲ್ಲಿ ಬಯಲು ಜಿಮ್‌ಗಳಿವೆ. ವಿಕಲಚೇತನರು ಕ್ರೀಡೆಯಲ್ಲಿ ಪರಿಣಾಮಕಾರಿಯಾಗಿ ಭಾಗವಹಿಸುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕೆಂದು ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 30ನೇ ಸೆಕ್ಷನ್ ಹೇಳುತ್ತದೆ. ವಿದ್ಯಾರ್ಥಿಗಳನ್ನು ವಾರಕ್ಕೆರಡು ದಿನ ಒಬ್ಬೊಬ್ಬ ವಯಸ್ಕರೊಡನೆ ಜೋಡಿಸಿ, ಬಡಿತದ ಗುರಿಯನ್ನು ಫರ್ನ್‌ಹಾಲ್ ಸೂತ್ರದಂತೆ ನಿಗದಿಪಡಿಸಬೇಕು. ಮೊದಲ ಹಾಗೂ ಹತ್ತನೇ ವಾರ ಕೈಹಿಡಿತ, ಕುರ್ಚಿಯಿಂದ ಏಳುವ ವೇಗ, ಆರು ನಿಮಿಷಗಳ ನಡಿಗೆಯ ದೂರವನ್ನು ಅಳೆದು, ಆರು ತಿಂಗಳ ನಂತರವೂ ಎಷ್ಟು ಮಂದಿ ಅಭ್ಯಾಸ ಮುಂದುವರಿಸಿದ್ದಾರೆ ಎಂದು ದಾಖಲಿಸಬೇಕು.